ಬಿರುಕಿನ ತುದಿಯ ತೂತು

ಹಲಗೆ ಒತ್ತುವ ಯಂತ್ರದ ಉಕ್ಕಿನ ಬೆಲ್ಟು ಬೆಳಗಿನ ಬಿಸಿಲಿನಲ್ಲಿ ನಿಶ್ಚಲ ಕೊಳದಂತೆ ಮಲಗಿತ್ತು. ಅಂಚಿನಲ್ಲಿ ಕೂದಲೆಳೆಯಂಥ ಬಿರುಕು, ಅದರ ತುದಿಯಲ್ಲಿ ಸಾಸಿವೆಯಷ್ಟು ತೂತು. ಕಪಾಟಿಗೆ ಹಲಗೆ ಕೊಳ್ಳಲು ಕರಜಗಿಯ ಆ ಕಾರ್ಖಾನೆಗೆ ಹೋಗಿದ್ದ ನಾನು, ಮ್ಯಾನೇಜರ್ ಪ್ರಹ್ಲಾದರು ಮಿಸ್ತ್ರಿ ಚಂದ್ರಾಮಪ್ಪನನ್ನು ಗದರುವುದನ್ನು ಕೇಳುತ್ತ ನಿಂತೆ.

“ಸೀಳಿದ ಬೆಲ್ಟಿಗೆ ಮತ್ತ ತೂತು ಹೊಡದೀಯೇನಲೇ?”

“ಹೌದ್ರಿ. ಸೀಳು ಓಡಾಕತ್ತಿತ್ತು. ತುದಿಗೆ ದುಂಡು ತೂತು ಸಿಕ್ಕರ ಅಲ್ಲೇ ನಿಲ್ತದ್ರಿ.”

“ಹರದ್ರ ಹೊಸಾದು ಬರಾಕ ಆರು ತಿಂಗಳು. ಕಾರ್ಖಾನಿ ಬಂದ್!”

“ಹರದ್ರ ಚಂದ್ರಾಮ ಹಾಳು ಮಾಡ್ದ ಅಂತ ಸಾವ್ಕಾರ್ರಿಗೆ ಹೇಳ್ರಿ.”

“ಹರೀಲಿಲ್ಲಂದ್ರ?”

“ಆಗ ನಾನಽ ಹೊಡಿಸೇನಿ ಅಂತ ನೀವಽ ಹೇಳ್ತೀರಿ, ಬಿಡ್ರಿ.”

ಯಂತ್ರ ತಿರುಗಿತು, ನನ್ನ ಹಲಗೆ ಒತ್ತಿ, ಕೊಯ್ದು ಮುಗಿದರೂ ಬಿರುಕು ತೂತನ್ನು ದಾಟಲಿಲ್ಲ. ಪ್ರಹ್ಲಾದರು ಅಂಗಿಯ ಕಾಲರು ಸರಿಪಡಿಸಿಕೊಂಡು ಸಾಹುಕಾರರ ಕೋಣೆಗೆ ನಡೆದರು.

“ಸಾವ್ಕಾರ್ರ, ನಾ ಒಂದು ತೂತು ಹೊಡಿಸೇನ್ರಿ,” ಎಂಬಷ್ಟು ಕೇಳಿಸಿತು. ಬಾಗಿಲು ಅವರ ಹಿಂದೆ ಮುಚ್ಚಿಕೊಂಡಿತು.