ಸೆರಗಿನ ಮ್ಯಾಲಿನ ದರ್ಜಿಹಕ್ಕಿ

…ಹಂಗ ಒಮ್ಮಿಗೇ ಹಿತ್ತಲಕ್ಕ ನುಗ್ಗಬ್ಯಾಡ ಕರಿಬಸವ, ಹಕ್ಕಿ ಎದ್ದು ಹೋಗ್ತಾವು. ಇಲ್ಲೇ ಅಡಿಗಿಮನಿ ಕಿಟಕಿ ಹತ್ರ ಕುಂದ್ರು, ಈ ಸ್ಟೂಲಿನ ಮ್ಯಾಲ. ನಾನೂ ದಿನಾ ಇಲ್ಲೇ ಕುಂದ್ರೋದು. ಪರದಿ ಸಂದ್ಯಾಗಿಂದ ನೋಡು, ಬೇವಿನ ಗಿಡದ ಕೆಳಗ… ಯಾಕ ಹಂಗ ಬೆಚ್ಚಿಬಿದ್ದಿ? ಓ, ಅದಾ. ಅದು ಬರೇ ಕುರ್ಚಿ ಮಾರಾಯ. ಕುರ್ಚಿ ಮ್ಯಾಲ ನಿಮ್ಮಕ್ಕನ ಸೀರಿ ಹಾಕೀನಿ, ಅಷ್ಟ. ಜಾರಬಾರದು ಅಂತ ಒಳಗ ಒಂದು ದಿಂಬು ಇಟ್ಟೀನಿ.

ನಗ್ತೀಯಾ? ನಗು, ನಗು. ಓಣ್ಯಾಗಿನ ಮಂದೀನೂ ನಗ್ತಾರ. ಪಕ್ಕದ ಮನಿ ಅಕ್ಕನಾಗಮ್ಮ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ, ತಿಪ್ಪೇಸ್ವಾಮಿಗೆ ತಲಿ ಕೆಟ್ಟೈತಿ, ಹೆಂಡ್ತಿ ಸತ್ತ ಮ್ಯಾಲ ಸೀರಿ ಜೋಡಿ ಸಂಸಾರ ಮಾಡಾಕ ಹತ್ಯಾನ ಅಂತ ಓಣಿಗೆಲ್ಲ ಸಾರ್ಯಾಳ. ಅಕಿಗೇನು ಗೊತ್ತು. ನಾ ಹಕ್ಕಿ ಸಲುವಾಗಿ ಮಾಡೀನಿ. ಈ ಸಣ್ಣ ಹಕ್ಕಿ ಅದಾವಲ್ಲ, ಇವು ನನ್ನ ನಂಬಂಗಿಲ್ಲ. ನಿಮ್ಮಕ್ಕನ್ನ ನಂಬಿದ್ವು. ಅಕಿ ಪರಾತದಾಗ ನೀರು ಇಟ್ಟು, ಒಂದು ಹಿಡಿ ನವಣಿ ಚೆಲ್ಲಿ, ಆ ಕುರ್ಚ್ಯಾಗ ಅಲುಗಾಡದಂಗ ಕುಂತ್ರ ಸಾಕು, ಗುಬ್ಬಿ, ಪಿಕಳಾರ, ಸೂರಕ್ಕಿ, ಎಲ್ಲಾ ಅಕಿ ಕಾಲ ಬುಡಕ್ಕ ಇಳೀತಿದ್ವು. ನಾ ಇಲ್ಲಿ ಕಿಟಕಿ ಹಿಂದ ಕಳ್ಳನಂಗ ಕುಂತು ಫೋಟೋ ಹೊಡೀತಿದ್ದೆ. ಅಕಿ ಹೋದ ಮ್ಯಾಲ ಒಂದು ಹಕ್ಕಿ ಇಳೀಲಿಲ್ಲ ನೋಡು. ನೀರು ಇಟ್ಟೆ, ಕಾಳು ಚೆಲ್ಲಿದೆ, ಊಹೂಂ. ಸೀರಿ ಹಾಕಿದೆ, ಬಂದ್ವು.

ಆದ್ರ ಒಂದು ಮಾತು… ಯಾರಿಗೂ ಹೇಳಬ್ಯಾಡ. ಒಮ್ಮೊಮ್ಮೆ ಕ್ಯಾಮರಾಕ್ಕ ಕಣ್ಣಿಟ್ಟು ಕುಂತಾಗ ಆ ಸೀರಿ ಅಲುಗಾಡಿದಂಗ ಆಗ್ತೈತಿ. ಗಾಳಿ ಇರಂಗಿಲ್ಲ, ಬೇವಿನ ಎಲಿ ಒಂದೂ ಮಿಸುಕಿರಂಗಿಲ್ಲ. ಅಂಜಿಕಿ ಆಗ್ತೈತಿ, ಸುಳ್ಳ್ಯಾಕ ಹೇಳ್ಲಿ. ಆದ್ರೂ ಕಣ್ಣು ತೆಗೆಯಂಗಿಲ್ಲ ನಾ. ಇನ್ನೊಮ್ಮೆ ಅಲುಗಾಡು, ಇನ್ನೊಮ್ಮೆ… ಅಂತ ಬಾಯಿಬಿಟ್ಟು ಅಂತೀನಿ.

ಇರ್ಲಿ ಬಿಡು. ಚಾ ಕುಡಿ, ಆರಿ ಹೋತು. ಸಿರುಗುಪ್ಪದಿಂದ ಬಸ್ಸಿನಾಗ ನಿಂತ ಬಂದೀಯೇನು? ಹೂಂ, ಫೋಟೋ, ಫೋಟೋ. ಬಂದಾಗಿಂದ ಅದ ಒಂದು ಹಿಡಕೊಂಡಿ. ನನಗೂ ಗೊತ್ತೈತಪ್ಪ, ಅಕಿ ವರ್ಷದ ಪೂಜಿ ಬಂತು, ಫ್ರೇಮಿಗೆ ಚಲೋ ಫೋಟೋ ಬೇಕು, ಬ್ರೂಸ್‌ಪೇಟೆ ಫ್ರೇಮಿನವ ಮಧ್ಯಾಹ್ನದೊಳಗ ತಂದುಕೊಡು ಅಂದಾನ. ಮದುವಿ ಫೋಟೋ ನಡಿಯಂಗಿಲ್ಲ ಅಂತೀಯಾ? ಖರೆ, ಅದರಾಗ ಗೆದ್ದಲು ಹತ್ತಿ ನಾನೊಬ್ಬನ ಉಳದೀನಿ. ಆಧಾರ್ ಕಾರ್ಡಿಂದು? ಅದರಾಗ ಅಕಿ ಏನೋ ಕದ್ದು ಸಿಕ್ಕಿಬಿದ್ದೋರಂಗ ಕಾಣ್ತಾಳ. ಅದೂ ಬ್ಯಾಡ.

ಏನಂದಿ? ನಿಮ್ಮವ್ವ ಹಂಗ ಅಂದ್ಲಾ? ಮಗಳ ಮಾರಿ ಮರಿಯಾಕ ಹತ್ತೀನಿ ಅಂದ್ಲಾ?

…ಹೊನ್ನೂರಮ್ಮತ್ತಿ ಅಂಥಾ ಮಾತು ಆಡ್ತಾಳ ಅಂದ್ರ…

ಇರು, ಇರು. ಇಷ್ಟು ಫೋಟೋ ಹೊಡದೋನ ಮನ್ಯಾಗ ಒಂದು ಫೋಟೋಕ್ಕ ಬರ ಬಂದೈತೇನು. ಕ್ಯಾಮರಾದಾಗ ತೋರಿಸ್ತೀನಿ, ನೋಡು. ಇದು ಸೂರಕ್ಕಿ, ಗಂಡು. ದಾಸವಾಳಕ್ಕ ಜೋತುಬಿದ್ದು ಜೇನು ಕುಡೀತೈತಿ. ಮೈಮ್ಯಾಲಿನ ನೀಲಿ ಹೆಂಗ ಮಿಂಚ್ತೈತಿ ನೋಡು. ನಿಮ್ಮಕ್ಕನೂ ಅದಾಳಲ್ಲ ಇದರಾಗ. ಹಿಂದ ಮಬ್ಬುಮಬ್ಬಾಗಿ ಹಸಿರು ಕಾಣ್ತೈತಲ್ಲ, ಅದು ಅಕಿ ಸೀರಿ. ಇದು ಪಿಕಳಾರ, ನೀರು ಕುಡಿಯೋದು. ಪರಾತದ ಅಂಚಿಗೆ ಬೆರಳು ಅದಾವಲ್ಲ, ಅಕೀವ. ಬಳಿ ಗುರ್ತು ಹಿಡದಿ? ನೀನ ಕೊಡ್ಸಿದ್ದು, ಉಗಾದಿಗೆ.

ಮಾರಿ ಎಲ್ಲಿ ಅಂದ್ರ? ಮಾರಿ ಹೆಂಗ ಬರ್ತೈತಿ? ನಾನ ಹೇಳಿದ್ದೆ ಅಕಿಗೆ. ಏ ಹಂಪಿ, ಈ ಕಡಿ ನೋಡಬ್ಯಾಡ, ನೀ ನೋಡಿದ್ರ ಹಕ್ಕೀನೂ ಈ ಕಡಿ ನೋಡ್ತೈತಿ, ಕ್ಯಾಮರಾ ಕಂಡು ಹಾರಿ ಹೋಗ್ತೈತಿ ಅಂತ. ಪಾಪ, ಬೆನ್ನು ಮಾಡಿ ಕುಂದ್ರತಿದ್ಲು. ಅಷ್ಟಾದ್ರೂ ತಪ್ಪಿ ಎಲ್ಲೆರ ಗಲ್ಲ, ಮೂಗು ಬಂದಿದ್ರ ನಾನ ಕತ್ತರಿಸಿ ಒಗೀತಿದ್ದೆ. ಜೀನ್ಸ್ ಯೂನಿಟ್ಟಿನಾಗ ಜೀವಮಾನೆಲ್ಲ ಕಟಿಂಗ್ ಮಾಸ್ತರ ಆಗಿದ್ದೋನ ಕೈ ನೋಡು ಇದು. ಬೇಕಾದ್ದು ಇಟ್ಕೊಂಡು ಉಳಿದದ್ದು ಕತ್ತರಿಸೋದು ರೂಢಿ. ಹಕ್ಕಿ ಇಟ್ಕೊಂಡೆ, ಅಕೀನ್ನ ತೆಗದೆ. ಹಂಗ ಸಿಟ್ಟಿಲೆ ನೋಡಬ್ಯಾಡಪ್ಪ.

ಏನು? ಆವತ್ತಿಂದು? ಆವತ್ತಿನ ಫೋಟೋ ಐತಿ ಅಂತ ಯಾರು ಹೇಳಿದ್ರು ನಿನಗ? ಅಕ್ಕನಾಗಮ್ಮ. ಅಕಿ ಬಾಯಿಗೆ ಬೀಗ ಇಲ್ಲ. ಹೌದು, ಆವತ್ತು ಮುಂಜಾನಿ ಕ್ಯಾಮರಾ ಹಿಡದಿದ್ದೆ. ದಿನಾ ಹಿಡೀತೀನಿ, ಆವತ್ತೂ ಹಿಡದೆ. ಅದರಾಗೇನೈತಿ? ಆಮ್ಯಾಲ ಅಕಿಗೆ ಎದಿ ಹಿಡಕೊಂತು, ಓಡಿ ಹೋಗಿ ಆಟೋ ತಂದೆ, ದವಾಖಾನಿ ಮುಟ್ಟೋದ್ರಾಗ ದಾರ್ಯಾಗ ಜೀವ ಹೋತು. ಎಷ್ಟು ಸಲ ಹೇಳ್ಬೇಕು ಅದನ್ನ. ನನ್ನ ತೊಡಿ ಮ್ಯಾಲ ತಲಿ ಇಟ್ಟು ನಿನ್ನ ಹೆಸರು ಹಿಡದು ಕರದ್ಲು, ಕರಿಬಸವನ್ನ ಒಮ್ಮೆ ನೋಡಬೇಕಿತ್ತು ಅಂದ್ಲು. ಆ ಮಾತು ಇಟ್ಕೊಂಡು ನೀ ಈ ವರ್ಷ ಪೂರಾ ಜೀವ ಹಿಡಕೊಂಡಿದ್ದಿ ಅನ್ನೋದೂ ನನಗ ಗೊತ್ತೈತಿ. ಅದು ಸಾಲದೇನು? ಫೋಟೋ ಯಾಕ?

ಅಳಬ್ಯಾಡ. ಗಂಡಸು ಹಂಗ ಅಳಬಾರದೋ… ನೀ ಅತ್ರ ಅಕಿ ಅತ್ತಂಗ ಕಾಣ್ತೈತಿ. ಅದ ಗದ್ದ, ಅದ ಹಣಿ.

ಕೊಡ್ತೀನಿ. ನಿಮ್ಮವ್ವನ ಸಲುವಾಗಿ ಕೊಡ್ತೀನಿ. ಮಾರಿ ಇರೋದು ಒಂದ ಐತಿ. ನಾ ಯಾರಿಗೂ ತೋರಿಸಿಲ್ಲ, ನಾನೂ ಭಾಳ ನೋಡಂಗಿಲ್ಲ. ಇದ್ದಷ್ಟ ಸಣ್ಣದಾಗಿ ನೋಡು, ದೊಡ್ಡದು ಮಾಡಬ್ಯಾಡ. ತಿಳೀತಾ?

ಹಾಂ. ಇದ. ನೋಡು, ದರ್ಜಿಹಕ್ಕಿ. ಹೆಬ್ಬೆರಳಷ್ಟ ಐತಿ, ಆದ್ರ ಎಲಿಗೆ ಎಲಿ ಕೂಡಿಸಿ ಹೊಲದು ಗೂಡು ಮಾಡ್ತೈತಿ, ನಮ್ಮ ಕಸುಬಿಂದು. ಹೊಲಿಯಾಕ ನೂಲು ಬೇಕಲ್ಲ ಅದಕ್ಕ? ನಿಮ್ಮಕ್ಕನ ಹೆಗಲ ಮ್ಯಾಲ ಕುಂತು, ಸೆರಗಿನ ನೂಲು ಕೊಕ್ಕಿಲೆ ಜಗ್ಗಾಕ ಹತ್ತೈತಿ ನೋಡು. ಜೀವ ಇರೋ ಮನುಷ್ಯಾರ ಮ್ಯಾಲ…

…ಮನುಷ್ಯಾರ ಮ್ಯಾಲ ಕುಂದ್ರೋ ಜಾತಿ ಅಲ್ಲ ಅದು, ಅಂತ ಹೇಳಾಕ ಹೊಂಟಿದ್ದೆ. ಇಂಥಾ ಫೋಟೋ ಬಳ್ಳಾರ್ಯಾಗ ಯಾರು ಹೊಡದಾರ? ಆವತ್ತು ಯಾಕೋ ಅಕಿ ಬೆನ್ನು ಮಾಡದ ಈ ಕಡೀನ ತಿರುಗಿ ಕುಂತಿದ್ಲು. ಏನೋ ಹೇಳಾಕ ಕರಿಯೋರಂಗ. ಹಂಪಿ, ಅಲುಗಾಡಬ್ಯಾಡ ಅಂತ ಇಲ್ಲಿಂದ ಪಿಸುಗುಟ್ಟಿದೆ. ಅಲುಗಾಡಲಿಲ್ಲ. ಇವತ್ತು ಎಷ್ಟು ಚಲೋ ಮಾತು ಕೇಳ್ತಾಳ ಅಂತ ಖುಷಿ ಆತು ನನಗ.

ಬ್ಯಾಡ ಅಂದ್ನಲ್ಲ, ದೊಡ್ಡದು ಮಾಡಬ್ಯಾಡ ಅಂದ್ನಲ್ಲ. ಹಕ್ಕಿ ನೋಡು ಅಂದ್ರ ನೀ ಏನ್ ನೋಡ್ತಿ? ಅದಾ… ಅದು ಇರುವಿ. ಬೇವಿನ ಗಿಡದಾಗ ಇರುವಿ ಭಾಳ. ಕಣ್ಣಿನ ಅಂಚಿಗೆ ಬಂದೈತಿ. ಯಾಕ ಒರಿಸಿಕೊಳ್ಳಲಿಲ್ಲ ಅಂದ್ರ… ಕೈ ಎತ್ತಿದ್ರ ಹಕ್ಕಿ ಹಾರೀತು ಅಂತ ಇದ್ದೀತು. ನನ್ನ ಸಲುವಾಗಿ ತಡಕೊಂಡಾಳ ಅಂತ…

ಹಿಂದಕ್ಕ ಸರಿಸಬ್ಯಾಡ ಕರಿಬಸವ. ಇಲ್ಲಿ ಕೊಡು. ಅವೆಲ್ಲ ಅದ ಫೋಟೋ, ಒಂದ ಥರ ಅದಾವು; ಹಕ್ಕಿ ನೂಲು ಒಯ್ದು ಒಯ್ದು ತಿರುಗಿ ಬರ್ತಿತ್ತು. ಕುರ್ಚಿ ಅದ, ಅಕಿ ಅದ, ಕೈ ಅದ. ಹೌದಪ್ಪ, ನೆರಳು ಬ್ಯಾರೆ ಐತಿ. ಮೊದಲಿಂದ್ರಾಗ ಬೇವಿನ ನೆರಳು ಅಕಿ ಮಾರಿ ಮ್ಯಾಲ ಐತಿ. ಆಮ್ಯಾಲಿಂದ್ರಾಗ ಜಾರಿ ಮಡಿಲಿಗೆ ಬಂದೈತಿ. ಕಡೀದ್ರಾಗ ಕಾಲಿಗೆ. ಮಾರಿ ತುಂಬ ಬಿಸಿಲು. ಬಳ್ಳಾರಿ ಬಿಸಿಲು. ಕಣ್ಣು ತೆರದ ಅದಾವು.

ಕರಿಬಸವ.

ಏನರ ಅನ್ನು. ಬೈ. ನಾಕು ಏಟು ಬಿಡು ಬೇಕಾದ್ರ. ಸುಮ್ಮನ ಕುಂದ್ರಬ್ಯಾಡ, ನಿನ್ನ ಕಾಲು ಹಿಡೀತೀನಿ. ಅಕೀನೂ ಹಿಂಗ ಸುಮ್ಮನ…

ನೀನ ಕೇಳಿದಿ ಆವತ್ತು ಫೋನಿನಾಗ. ಮಾವ, ಅಕ್ಕ ಕಡೀಕ ಏನರ ಅಂದ್ಲಾ ಅಂತ ಅಳಕೊಂತ ಕೇಳಿದಿ. ನಾ ಏನು ಹೇಳ್ಬೇಕಿತ್ತು? ಹಕ್ಕಿ ಹಾರಿ ಹೋಗೋ ಮಟ ನಾ ಈ ಸ್ಟೂಲ್ ಬಿಟ್ಟು ಏಳಲಿಲ್ಲ ಅಂತ ಹೇಳ್ಬೇಕಿತ್ತೇನು?