ಕತ್ತಲಲ್ಲಿ ‘ಕರೀಬು’ ಅನ್ನಬಾರದ ಮನೆ

ಬಾಗಿಲಿಗೆ ಚಿಲಕ ಹಾಕಿ ಬಂದಿರಾ? ಹಾಗಾದರೆ ಕೂತುಕೊಳ್ಳಿ. ಹೇಳಿ ಮುಗಿಸೋವರೆಗೆ ಯಾರೂ ಏಳಬೇಡಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಗೋಡೆಗೆ ಅಂಟಿಕೊಂಡಿರೋ ಮನೆಯಲ್ಲಿ ನಡೆದದ್ದು. ಆ ಮನೆಯಲ್ಲಿದ್ದ ಶೂವಾಯಿ ನಮ್ಮ ಜಗಲಿ ಮೇಲೆ ಕೂತು, ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ಹೇಳಿದ್ದು. ಉಳಿದದ್ದನ್ನ ನಾನೇ ಕಿವಿಯಾರೆ ಕೇಳಿದ್ದೀನಿ.

ಆ ರಾತ್ರಿ ಇಬ್ಬರು ಹೆಂಗಸರು ನಮ್ಮ ಜಂಬಿಯಾನಿ ಊರಿನ ಹಿಂದಿನ ದಾರಿ ಹಿಡಿದರು. ಮುಂದೆ ರುದೋ. ಹಿಂದೆ ಶೂವಾಯಿ, ತಲೆ ಮೇಲೆ ಟ್ರಂಕು. ಹಳೇ ಬಾವಿ ದಾಟಬೇಕು, ಅದರ ಪಕ್ಕದ ಆನೆಹುಣಸೆ ಮರ ದಾಟಬೇಕು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಬಾವಿಯೊಳಗಿಂದ ಮಾತ್ರ... ಬುಳುಕ್. ಸ್ವಲ್ಪ ಬಿಟ್ಟು ಮತ್ತೆ... ಬುಳುಕ್. ಕೊಡ ಮುಳುಗಿದ ಹಾಗೆ.

“ಅಕ್ಕಾ, ಇಷ್ಟೊತ್ತಲ್ಲಿ ಯಾರು ನೀರು ಸೇದ್ತಾರೆ?”

“ಮೆಲ್ಲಗೆ ಮಾತಾಡು.”

“ಯಾಕೆ?”

“ಜನ ಮಲಗಿದ್ದಾರೆ ಕಣೇ. ನಡಿ.”

ಇಬ್ಬರೂ ಜಿಂಬಾಬ್ವೆಯವರು, ಮುತಾರೆ ಪಟ್ಟಣದ ಒಂದೇ ಬೀದಿಯವರು. ಚಿಕ್ಕಂದಿನಲ್ಲಿ ಶೂವಾಯಿಗೆ ಜಡೆ ಹೆಣೆಯುತ್ತಿದ್ದವಳೇ ರುದೋ. ತನ್ನ ಮನೆಯಲ್ಲಿ ಒಲೆ ಹಚ್ಚದ ದಿನ ರುದೋ ಉಂಡದ್ದು ಶೂವಾಯಿಯ ಅಮ್ಮನ ಕೈಯಿಂದ. ರುದೋ ಮೊದಲೇ ಈ ದ್ವೀಪಕ್ಕೆ ಬಂದು ಹೋಟೆಲಿನಲ್ಲಿ ಅತಿಥಿಗಳನ್ನ ನೋಡಿಕೊಳ್ಳೋ ಕೆಲಸ ಹಿಡಿದಿದ್ದಳು. “ಬಾರೇ, ಬ್ರೆಡ್ಡು ಕೇಕು ಮಾಡೋ ಕೈ ಬೇಕಂತೆ” ಅಂತ ಕರೆಸಿಕೊಂಡವಳೂ ಅವಳೇ. ಅಕ್ಕ ಇದ್ದಾಳಲ್ಲ ಅಂತ ಶೂವಾಯಿ ಕಣ್ಣು ಮುಚ್ಚಿಕೊಂಡು ಬಂದಳು.

ಕೆಲಸ ಸಿಕ್ಕಿತು. ಮನೆ ಸಿಗಲಿಲ್ಲ. ಪ್ರವಾಸಿಗರ ಕಾಲ ಶುರುವಾಯಿತು ಅಂತ ಹೋಟೆಲಿನವರು ಕೆಲಸದವರ ಕೋಣೆಗಳನ್ನೂ ಖಾಲಿ ಮಾಡಿಸಿದರು. ಈ ದಂಡೆಯಲ್ಲಿ ಹೊರಗಿನವರು ಬಾಡಿಗೆ ಮನೆ ಹುಡುಕೋದು ಅಂದರೆ ನಿಮಗೇ ಗೊತ್ತಲ್ಲ. ದಲ್ಲಾಳಿ ಒಬ್ಬ ಸಮುದ್ರ ಕಾಣೋ ಮನೆ ಅಂತ ತೋರಿಸಿದ. ಕಾಣುತ್ತಿತ್ತು, ನೀರಿನ ಟ್ಯಾಂಕ್ ಮೇಲೆ ಹತ್ತಿ ನಿಂತರೆ. ಇನ್ನೊಬ್ಬ ವರ್ಷದ ಬಾಡಿಗೆ ಒಂದೇ ಸಲ ಇಡು ಅಂದ. ಒಬ್ಬಳು ಮನೆಯೊಡತಿ ಬಾಗಿಲಲ್ಲೇ ವಿಚಾರಣೆ ಮಾಡಿದಳು.

“ಗಂಡ ಎಲ್ಲಿ?”

“ಇಲ್ಲಮ್ಮ.”

“ಅಣ್ಣ ತಮ್ಮ?”

“ಅವರೂ ಇಲ್ಲ.”

“ಹಾಗಾದ್ರೆ ಮನೆಯೂ ಇಲ್ಲ.”

ಕೊನೆಗೆ ಒಂದು ಸಿಕ್ಕಿತು ಅನ್ನುವಾಗ ಬಿಳಿಯ ಗಂಡಹೆಂಡತಿ ಬಂದು ಹೆಚ್ಚು ಕೊಡ್ತೀವಿ ಅಂದರು. ಸಂಜೆ ಕೆಲಸದಿಂದ ಬಂದರೆ ಇವಳ ಟ್ರಂಕು ಅಂಗಳದಲ್ಲಿತ್ತು, ಅದರ ಮೇಲೆ ಕೋಳಿ ಕೂತಿತ್ತು. ಶೂವಾಯಿ ಅತ್ತುಬಿಟ್ಟಳು. ಆಗ ರುದೋ ಅಂದಳು, “ನನ್ನ ಮನೇನೇ ತಗೋ. ನಂಗೆ ಹೋಟೆಲಲ್ಲೇ ಮಲಗೋಕೆ ಜಾಗ ಕೊಟ್ಟಿದ್ದಾರೆ.”

“ಬೆಳಗಾಗಲಿ ಅಕ್ಕ, ಹಗಲಲ್ಲಿ ನೋಡ್ತೀನಿ.”

“ಬೆಳಗಾದ್ರೆ ಇನ್ಯಾರೋ ಹಿಡ್ಕೊಂಡಿರ್ತಾರೆ. ಈಗಲೇ ನಡಿ.”

ಹಾಗೆ ಹೊರಟು ಬಂದದ್ದು ಆ ರಾತ್ರಿ.

ಮನೆ ಚೆನ್ನಾಗಿಯೇ ಇತ್ತು. ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು, ಹಗ್ಗದ ಮಂಚ. ಶೂವಾಯಿ ಹೊಸ್ತಿಲು ದಾಟಿದಳು. ರುದೋ ದಾಟಲಿಲ್ಲ. ಹೊರಗೆ ನಿಂತೇ ಬೀಗದ ಕೈ ಚಾಚಿದಳು.

“ಒಳಗೆ ಬಾ ಅಕ್ಕ, ಒಂದು ಲೋಟ ಚಹಾ ಆದ್ರೂ...”

“ಬೇಡ. ಇಲ್ಲಿ ಕೇಳು. ಈ ಊರಲ್ಲಿ ಯಾರೂ ಬಾಗಿಲು ಬಡಿಯಲ್ಲ. ಹೊರಗಿಂದ ‘ಹೋಡಿ’ ಅಂತ ಕೇಳ್ತಾರೆ, ಬರಲಾ ಅಂತ. ನೀನು ‘ಕರೀಬು’ ಅನ್ನಬೇಕು, ಬನ್ನಿ ಅಂತ. ಸುಮ್ನೆ ಕೂತ್ರೆ ಸೊಕ್ಕಿನವಳು ಅಂತಾರೆ. ಎಷ್ಟು ಹೊತ್ತಲ್ಲಿ ಕೇಳಿದ್ರೂ ಅನ್ನು. ತಿಳೀತಾ?”

“ಹೂಂ.”

“ಅನ್ನು, ಆಯ್ತಾ? ಮರೀಬೇಡ.”

ಆಗ ಅವಳ ತುಟಿ ನಡುಗುತ್ತಿದ್ದದ್ದನ್ನ ಶೂವಾಯಿ ನೋಡಿದಳು. ನನ್ನನ್ನ ಬಿಟ್ಟು ಹೋಗೋಕೆ ಅಕ್ಕನಿಗೆ ಸಂಕಟ ಅಂದುಕೊಂಡಳು.

ಚಾಪೆ ಕೊಡವಿ, ದೀಪ ಆರಿಸಿ ಮಲಗಿದಳು. ಕಡಲು ಇಳಿದಿತ್ತು, ಅಲೆಯ ಸದ್ದೂ ದೂರ. ಎಷ್ಟೋ ಹೊತ್ತಾದ ಮೇಲೆ ಓಣಿಯಲ್ಲಿ ಚಪ್ಪಲಿ ಸದ್ದು. ಚಪ್... ಚಪ್... ಒದ್ದೆ ರಬ್ಬರ್ ಚಪ್ಪಲಿ. ಬಾಗಿಲ ಮುಂದೆ ನಿಂತಿತು.

“ಹೋಡಿ...”

ರುದೋ ಧ್ವನಿ. ಅಚ್ಚು ಅವಳದೇ. ಏನೋ ಮರೆತು ಹೋಗಿರಬೇಕು ಅಂತ ಶೂವಾಯಿ ನಿದ್ದೆಗಣ್ಣಲ್ಲಿ ಅಂದಳು, “ಕರೀಬು ಅಕ್ಕಾ.”

ಯಾರೂ ಬರಲಿಲ್ಲ. ಎದ್ದು ಚಿಲಕ ತೆಗೆದಳು. ಓಣಿ ಖಾಲಿ. ಬೆಳದಿಂಗಳಲ್ಲಿ ಮರಳು ಬಿಳಿಯಾಗಿ ಬಿದ್ದಿತ್ತು, ಒಂದು ಹೆಜ್ಜೆ ಗುರುತೂ ಇಲ್ಲ. ಆಗ... ಅವಳ ಬೆನ್ನ ಹಿಂದೆ... ಮನೆಯೊಳಗೆ... ಮಂಚದ ಹಗ್ಗ ಕಿರ್ರ್ ಅಂತು. ಯಾರೋ ನಿಧಾನವಾಗಿ ಕೂತ ಹಾಗೆ.

ಬೆಳಗಾಗೋವರೆಗೂ ಅವಳು ಹೊಸ್ತಿಲ ಹೊರಗೇ ಕೂತಿದ್ದಳು. ಮೊದಲು ನೋಡಿದವರು ನಮ್ಮತ್ತೆ, ಬೀ ಝುವೇನಾ. ಅತ್ತೆ ಹತ್ತಿರ ಹೋಗಿ ಮುಸುಕು ಸರಿಮಾಡಿಕೊಂಡು ಕೇಳಿದರು.

“ಮಗಳೇ, ರಾತ್ರಿ ಯಾರಾದ್ರೂ ಕೂಗಿದ್ರಾ?”

“ರುದೋ ಅಕ್ಕ ಕೂಗಿದ್ಳು ಅಜ್ಜಿ.”

“ನೀನು ಏನಂದೆ?”

“ಕರೀಬು ಅಂದೆ.”

ಅತ್ತೆ ಕಣ್ಣು ಮುಚ್ಚಿದರು. “ಕತ್ತಲಾದ ಮೇಲೆ ಆ ಮನೆಯಿಂದ ಯಾರೂ ಓಗೊಡಲ್ಲ ಕಂದಾ. ನಿಂಗೆ ಯಾರೂ ಹೇಳಲಿಲ್ವಾ?”

ಹೇಳಬೇಕಾದವಳು ತದ್ವಿರುದ್ಧ ಹೇಳಿಕೊಟ್ಟಿದ್ದಳು. ಹೋಗೋಕೆ ಬೇರೆ ಜಾಗವಿಲ್ಲದೆ ಶೂವಾಯಿ ಅಲ್ಲೇ ಉಳಿದಳು.

ಆ ಮನೆಯಲ್ಲಿರೋದು ಮೈಮೇಲೆ ಬರೋದಲ್ಲ, ಕತ್ತು ಹಿಸುಕೋದಲ್ಲ. ಅದು ಬೇರೆ. ಅದು ಗೊತ್ತಾಗೋಕೆ ಕೆಲವು ದಿನ ಹಿಡಿಯಿತು. ಹೋಟೆಲಿನ ಕಾವಲುಗಾರ ಒಂದು ಬೆಳಿಗ್ಗೆ ಗೊಣಗಿದ, “ಏನಮ್ಮ, ನಡುರಾತ್ರಿ ನಮ್ಮನೆ ಮುಂದೆ ನಿಂತು ಹೋಡಿ ಹೋಡಿ ಅಂತೀಯ, ಬಾಗಿಲು ತೆಗೆದ್ರೆ ಇರಲ್ಲ. ಮಗು ಹೆದರಿ ಜ್ವರ ಬಂದಿದೆ.” ಶೂವಾಯಿ ಆ ರಾತ್ರಿ ಮನೆಯಿಂದ ಹೊರಗೇ ಬಿದ್ದಿರಲಿಲ್ಲ. ಮೀನು ಮಾರುವವಳೂ ಅದೇ ಹೇಳಿದಳು. ಅಂಗಡಿಯವನ ಹೆಂಡತಿಯೂ.

ಆಮೇಲೆ ಯಾರೂ ಏನೂ ಹೇಳಲಿಲ್ಲ. ಬಾಗಿಲು ಹಾಕಿಕೊಂಡರು ಅಷ್ಟೇ. ಇದ್ದಿಲು ಮುಗಿದಿದೆ ಅಂತ ಸಂಜೆ ಅಂಗಡಿ ಮುಂದೆ ನಿಂತು “ಹೋಡಿ” ಅಂದರೆ ಒಳಗಿನ ಮಾತು ತಟ್ಟನೆ ನಿಲ್ಲುತ್ತಿತ್ತು. ದೀಪದ ಬತ್ತಿ ಇಳಿಯುತ್ತಿತ್ತು. ಒಳಗೆ ಉಸಿರು ಬಿಗಿಹಿಡಿದು ಕೂತವರ ಸದ್ದು ಅವಳಿಗೆ ಕೇಳುತ್ತಿತ್ತು. ಬಂದದ್ದು ಅವಳೋ... ಅವಳಲ್ಲದ್ದೋ... ಯಾರು ಹೇಳಬೇಕು? ಸುಳ್ಳು ಯಾಕೆ, ನಾನೂ ಒಂದು ಸಲ ಬಾಗಿಲು ತೆಗೆಯಲಿಲ್ಲ.

ಹೊಸ ಮನೆ ಹುಡುಕಲು ಹೋದಳು. ಹೊರಗಿನವಳು, ಒಂಟಿ ಹೆಂಗಸು ಅಂತ ಮೊದಲಾದರೂ ಬಾಗಿಲು ತೆಗೆದು ಇಲ್ಲ ಅನ್ನುತ್ತಿದ್ದರು. ಈಗ ಇಲ್ಲ ಅನ್ನೋಕೂ ತೆಗೆಯಲಿಲ್ಲ.

ಒಂದು ರಾತ್ರಿ ಆ ಧ್ವನಿಯನ್ನ ಅವಳೇ ಕೇಳಿದಳು. ನಾನೂ ಕೇಳಿದೆ, ಗೋಡೆಯ ಈಚೆಯಿಂದ. ಮೊದಲು ಚಪ್ಪಲಿ. ಚಪ್... ಚಪ್... ನಮ್ಮ ಬಾಗಿಲಿಗೆ ಬಂತು. “ಹೋಡಿ... ನಾನು, ಶೂವಾಯಿ...” ಅವಳ ಹಾಗೇ ರಾಗ ಎಳೆದು, ಅವಳ ಹಾಗೇ ಕೊನೆಯಲ್ಲಿ ಒಂಚೂರು ನಗು. ನನ್ನ ಗಂಡ ನನ್ನ ಬಾಯಿಗೆ ಅಂಗೈ ಒತ್ತಿ ಹಿಡಿದ. ಅದೇ ಹೊತ್ತಿಗೆ ಗೋಡೆಯ ಆಚೆ ನಿಜವಾದ ಶೂವಾಯಿ ಬಿಕ್ಕುವುದು ಕೇಳುತ್ತಿತ್ತು. ಧ್ವನಿ ಓಣಿಯ ಒಂದೊಂದೇ ಮನೆಗೆ ಹೋಯಿತು. ಯಾರೂ ಓಗೊಡಲಿಲ್ಲ. ಕೊನೆಗೆ ವಾಪಸ್ಸು ಬಂತು. ಅವಳ ಬಾಗಿಲಿಗೇ ಬಂದು, ಅವಳನ್ನೇ, ಅವಳ ಧ್ವನಿಯಲ್ಲೇ ಕೇಳಿತು.

“ಹೋಡಿ...”

ಶೂವಾಯಿ ಮೈಗೆ ಸುತ್ತಿದ್ದ ಕಾಂಗಾ ಬಟ್ಟೆಯನ್ನ ಹಲ್ಲಲ್ಲಿ ಕಚ್ಚಿ ಹಿಡಿದಳು.

ಈ ನಡುವೆ ರುದೋ? ರುದೋ ಅರಳಿದ್ದಳು. ಮುಂಚೆ ಈ ಊರಲ್ಲಿ ಅವಳು ಬಾಯಿ ಬಿಟ್ಟವಳೇ ಅಲ್ಲ. ಯಾರ ಮನೆ ಮುಂದೆ ಹೋದರೂ ಕೈ ತಟ್ಟಿ ನಿಲ್ಲುತ್ತಿದ್ದಳು. “ನಾವು ಹೊರಗಿನವರು ಕಣೇ, ಅದಕ್ಕೇ ಮಾತಾಡಿಸಲ್ಲ” ಅಂತ ಶೂವಾಯಿಗೆ ಹೇಳಿದ್ದಳು. ಈಗ ಶಾಲೆಯ ಪಕ್ಕದಲ್ಲಿ ಒಳ್ಳೇ ಮನೆ ಸಿಕ್ಕಿತ್ತು. ಬೆಳಿಗ್ಗೆ ಎದ್ದು ಮನೆಮನೆಗೆ ಹೋಗಿ ಗಂಟಲೆತ್ತಿ ಹೋಡಿ ಅನ್ನುತ್ತಿದ್ದಳು, ಎಲ್ಲರೂ ಕರೀಬು ಅನ್ನುತ್ತಿದ್ದರು. ಮೀನಿನ ಕಟ್ಟೆ ಹತ್ತಿರ ಅವಳು ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದುದನ್ನ ಶೂವಾಯಿ ದೂರದಿಂದ ನೋಡಿದಳು. ಆವತ್ತು ಅವಳಿಗೆ ಎಲ್ಲಾ ಅರ್ಥವಾಯಿತು. ನೇರ ಹೋಗಿ ಎದುರಿಗೆ ನಿಂತಳು.

“ನಿಂಗೆ ಗೊತ್ತಿತ್ತು.”

ರುದೋ ನಗು ನಿಲ್ಲಿಸಿದಳು. ಅವಳನ್ನ ದೋಣಿಗಳ ಮರೆಗೆ ಎಳೆದುಕೊಂಡು ಹೋದಳು. “ಕೂಗಾಡಬೇಡ.”

“ಗೊತ್ತಿತ್ತಾ ಇಲ್ವಾ?”

“ಗೊತ್ತಿತ್ತು! ಏನೀಗ? ನಂಗೆ ಆ ಮನೆ ಕೊಟ್ಟಾಗ ಯಾರಾದ್ರೂ ಹೇಳಿದ್ರಾ? ಜ್ವರ ಬಂದು ಬಿದ್ದಿದ್ದೆ ಕಣೇ. ಒಂದು ಲೋಟ ನೀರಿಗೆ ಕೂಗಿ ಕೂಗಿ ಗಂಟಲು ಹರಿದು ಹೋಯ್ತು. ಗೋಡೆಯಾಚೆ ಜನ ಇದ್ರು. ಒಬ್ರೂ ಬರಲಿಲ್ಲ. ಅದು ನನ್ನ ಧ್ವನೀನ ಬಿಡಬೇಕಾದ್ರೆ ಆ ಮನೇಲಿ ಇನ್ನೊಬ್ರು ಅದಕ್ಕೆ ಓಗೊಡಬೇಕಿತ್ತು.”

“ಅದಕ್ಕೆ ನನ್ನನ್ನ ಕರೆಸಿದ್ಯಾ? ಅಷ್ಟು ದೂರದಿಂದ?”

“ಕೆಲಸ ಕೊಡಿಸಿದೆನಲ್ಲ.”

“ಅಕ್ಕಾ... ನಮ್ಮಮ್ಮ ನಿಂಗೆ ಉಣ್ಣೋಕೆ ಇಟ್ಟಿದ್ರು.”

ರುದೋ ಮುಖ ತಿರುಗಿಸಿದಳು. ಬುದ್ಧಿ ಹೇಳುವ ಧ್ವನಿಯಲ್ಲೇ ಅಂದಳು, “ನೋಡು, ಅಳ್ತಾ ಕೂತ್ರೆ ಆಗಲ್ಲ. ನಿನ್ನ ತಂಗಿ ಫಾರಾಯಿ ಇದ್ದಾಳಲ್ಲ, ಬರ್ತೀನಿ ಬರ್ತೀನಿ ಅಂತಿರ್ತಾಳಲ್ಲ...”

ಶೂವಾಯಿ ಅವಳ ಕೆನ್ನೆಗೆ ಬಾರಿಸಿದಳು. ಏಟಿನ ಸದ್ದಿಗೆ ದೋಣಿ ಮೇಲಿನ ಕಾಗೆಗಳು ಎದ್ದವು. ಅವಳು ಆ ಹೆಂಗಸಿನ ಜೊತೆ ಮತ್ತೆ ಮಾತಾಡಲಿಲ್ಲ.

ತಂಗಿಗೆ ವಿಷಯ ತಿಳಿಸಲೇ ಇಲ್ಲ. ಕೆಲಸ ಬಿಟ್ಟು ಊರಿಗೆ ಹೋಗಿಬಿಡೋದು ಅಂತ ತೀರ್ಮಾನ ಮಾಡಿದಳು. ಸಂಬಳ ಬರಲಿ ಅಂತ ಕಾಯುತ್ತಿದ್ದಾಗ ಒಂದು ಸಂಜೆ ಫೋನ್ ಬಂತು.

“ಅಕ್ಕಾ! ದಾರ್ ಎಸ್ ಸಲಾಮ್ ಮುಟ್ಟಿದೆ. ಬೆಳಿಗ್ಗೆ ಹಡಗು ಹತ್ತುತ್ತೀನಿ.”

“ಯಾರೇ ನಿನ್ನ ಬಾ ಅಂದಿದ್ದು?”

ಫಾರಾಯಿ ನಕ್ಕಳು. “ನೀನೇ! ಹೋದ ವಾರ ಒಂದು ರಾತ್ರಿ ಫೋನ್ ಮಾಡಿ ಮನೆ ಸಿಕ್ಕಿದೆ, ಇಬ್ಬರಿಗೂ ಆಗುತ್ತೆ, ಬಂದುಬಿಡು ಅಂದ್ಯಲ್ಲ. ಏನಕ್ಕ, ತಮಾಷೆ ಮಾಡ್ತೀಯಾ?”

ಶೂವಾಯಿ ಕೈಯಿಂದ ಫೋನ್ ಜಾರಿತು. ಎತ್ತಿಕೊಂಡು ಬೇಡ, ಬರಬೇಡ ಅಂತ ಕಿರುಚಿದಳು. ಅಷ್ಟರಲ್ಲಿ ಕರೆ ಕಡಿದಿತ್ತು. ಎಷ್ಟು ಸಲ ಮಾಡಿದರೂ ಮತ್ತೆ ಸಿಗಲಿಲ್ಲ.

ಆಗಲೇ ಅವಳು ನಮ್ಮ ಜಗಲಿಗೆ ಬಂದದ್ದು. ಕೂಗಲಿಲ್ಲ. ಅತ್ತೆ ಕಿಟಕಿಯಿಂದ ನೋಡಿ, ಕೈ ಮುಟ್ಟಿ ನೋಡಿ, ಬೆಚ್ಚಗಿದೆ ಅಂದ ಮೇಲೆ ನಾನು ಬಾಗಿಲು ತೆಗೆದೆ. ಇಡೀ ಕತೆ ಹೇಳಿದಳು. ನಾನು ಅವಳ ಕಾಲು ಹಿಡಿದುಕೊಂಡೆ, ಬಾಗಿಲು ತೆಗೆಯದೇ ಇದ್ದದ್ದಕ್ಕೆ. ಅವಳು ನನ್ನ ತಲೆ ಸವರಿ, “ನೀನಾದ್ರೂ ಹೆದರಿ ಮಾಡಿದೆ ಕಣೇ” ಅಂದಳು.

ಬೆಳಗಿನ ಮೊದಲ ವ್ಯಾನಿಗೆ ಹೋಗಿ ಬಂದರಿನಲ್ಲಿ ನಿಂತಳು. ಟ್ರಂಕು ಕೂಡ ಒಯ್ಯಲಿಲ್ಲ. ಹಡಗಿನಿಂದ ಇಳಿಯುವ ಜನರ ನಡುವೆ ಫಾರಾಯಿಯ ಕೆಂಪು ಟೋಪಿ ಕಂಡಿತು. ಕರೆಯಲು ಧೈರ್ಯವಾಗಲಿಲ್ಲ. ತನ್ನ ಧ್ವನಿಯ ಮೇಲೆ ತನಗೇ ನಂಬಿಕೆ ಇರಲಿಲ್ಲ. ಜನರನ್ನ ತಳ್ಳಿಕೊಂಡು ಓಡಿಹೋಗಿ ತಂಗಿಯ ರಟ್ಟೆ ಹಿಡಿದಳು, ಅದೇ ಹಡಗಿಗೆ ವಾಪಸ್ಸು ಎಳೆದುಕೊಂಡು ಹತ್ತಿದಳು. ಹುಡುಗಿ ದಾರಿಯುದ್ದಕ್ಕೂ ಬೈಯುತ್ತಿದ್ದಳಂತೆ. ಇವಳು ಬೈಸಿಕೊಂಡು ಅಳುತ್ತಿದ್ದಳಂತೆ.

ಈಗ ಮುತಾರೆಯಲ್ಲಿ ಸಣ್ಣ ಬೇಕರಿ ಇಟ್ಟಿದ್ದಾಳೆ. ನಾನು ಅವಳ ಹತ್ತಿರ ಫೋನಿನಲ್ಲಿ ಮಾತಾಡಲ್ಲ. ಅವಳೂ ಮಾಡಲ್ಲ. ಬರೆದು ಕಳಿಸುತ್ತೇವೆ ಅಷ್ಟೇ.

ಅವಳು ಹೋದಳು, ಅವಳ ಧ್ವನಿ ಹೋಗಲಿಲ್ಲ. ಓಣಿಯ ನಮ್ಮನ್ನೆಲ್ಲ ಬಿಟ್ಟಿತು. ಒಂದೇ ಮನೆಗೆ ಹೋಗುತ್ತದೆ, ಶಾಲೆ ಪಕ್ಕದ ಮನೆಗೆ. ಕತ್ತಲಾದರೆ ಸಾಕು, “ಹೋಡಿ, ರುದೋ ಅಕ್ಕಾ...” ರುದೋ ಆ ಮನೆ ಬಿಟ್ಟು ಇನ್ನೊಂದು ಹಿಡಿದಳು. ಅಲ್ಲಿಗೂ ಬಂತು. ಅದನ್ನೂ ಬಿಟ್ಟು ದಂಡೆಯ ತುದಿಯಲ್ಲಿ ಮತ್ತೊಂದು ಹಿಡಿದಳು. ಅಲ್ಲೂ ಬಿಡಲಿಲ್ಲ.

ಹೋದ ತಿಂಗಳು ಬಡಗಿಯನ್ನ ಕರೆಸಿ ಆ ಮನೆಯ ಬಾಗಿಲನ್ನೇ ಕೀಲು ಸಮೇತ ಕೀಳಿಸಿದಳು. ಬಾಗಿಲನ್ನ ಕಡಲಿಗೆ ತಳ್ಳಿಸಿದಳಂತೆ. ಯಾಕಮ್ಮ ಅಂದರೆ ಬಡಗಿಗೂ ಹೇಳಲಿಲ್ಲ, ನಮಗೂ ಹೇಳಲ್ಲ. ಬಾಗಿಲೇ ಇಲ್ಲದಿದ್ದರೆ ಹೋಡಿ ಅನ್ನೋಕೆ ಎಲ್ಲಿ ನಿಲ್ಲುತ್ತೆ ಅಂದುಕೊಂಡಳೋ ಏನೋ. ಗಾಳಿಗೆ ಮನೆಯೊಳಗೆ ಮೊಣಕಾಲುದ್ದ ಮರಳು ತುಂಬಿದೆ, ಗುಡಿಸೋದೂ ಇಲ್ಲ. ನಾನು ಕಟ್ಟಿ ಹೇಳ್ತಿಲ್ಲ. ನಾಳೆ ಬೆಳಕಿರುವಾಗ ದಂಡೆಯ ತುದಿಗೆ ಹೋಗಿ, ನಿಮ್ಮ ಕಣ್ಣಾರೆ ನೋಡಿ. ಚೌಕಟ್ಟು ಮಾತ್ರ ಇದೆ.