ಬೇರೆ ಊರಿನ ಸೊಳ್ಳೆ

ಇಲ್ಲ ಕಣವ್ವ ಭಾನುಪ್ರಿಯ, ಆ ರಕ್ತ ನಂದಲ್ಲ. ಯಾರದೋ ಶೀಸೆಗೆ ನನ್ನ ಹೆಸರು ಅಂಟಿಸ್ಬುಟ್ಟವ್ರೆ. ಹೋದ ತಿಂಗಳು ನೀನು ಆಸ್ಪತ್ರೆಯಿಂದ ಬಂದು ಊರೆಲ್ಲ ಸೂಜಿ ಚುಚ್ಕೊಂಡು ಹೋದೆಯಲ್ಲ, ಅಷ್ಟು ಶೀಸೇಲಿ ಒಂದು ಅದಲು ಬದಲು ಆಗಿರಲ್ವಾ?

ಯಾಕೆ ನಗ್ತೀಯ? ಕೂತ್ಕೊಂಡು ನಗು. ಅಲ್ಲಿ ಬೇಡ, ಆ ಮಂಚ ಹೊಸದು. ಅನುಗೆ ಅಂತ ತಂದಿದ್ದು.

ಅನು ನನ್ನ ತಂಗಿ ಮಗಳು. ಚನ್ನಪಟ್ಟಣಕ್ಕೆ ಕೊಟ್ಟವ್ರೆ. ತಂಗಿ ಹೋಗಿಬುಟ್ಳು, ಅವಳಿಗೆ ತವರು ಅಂದ್ರೆ ಈಗ ನಾನೇ. ಮೂರು ತಿಂಗಳ ಬಸುರಿ. 'ದೊಡ್ಡಮ್ಮ, ಹೆರಿಗೆ ಆಗೋವರ್ಗೂ ನಿಮ್ಮನೇಲೇ ಇರ್ತೀನಿ' ಅಂತ ಅವಳಾಗೇ ಕೇಳಿದ್ಳು. ಸೋಮವಾರ ಬತ್ತಾಳೆ.

ಏನು, ಮುಖ ಇಳಿದೋಯ್ತು?

ಗೊತ್ತು ಬಿಡು. ಆ ಶೀಸೇಲಿ ಸಿಕ್ಕಿದ್ದು ಝೀಕಾ, ಸೊಳ್ಳೆಯಿಂದ ಬರೋದು. ಬಸುರಿಗೆ ತಗುಲಿದ್ರೆ ಕೂಸಿನ ತಲೆ ಬೆಳೆಯಾಕಿಲ್ಲ. ಓದಿದ್ದೀನಿ. ಸ್ಕೂಲ್ ಕಂಡೋಳಲ್ಲ ನಾನು. ರೇಷ್ಮೆ ಹುಳದ ತಟ್ಟೆಗೆ ಹಾಸೋ ಹಳೇ ಪೇಪರಲ್ಲೇ ಅಕ್ಷರ ಕಲ್ತಿದ್ದು. ಹುಳ ಹಿಕ್ಕೆ ಹಾಕಿದ್ ಸುದ್ದೀನೂ ಕೊಡವಿ ಓದಿದ್ದೀನಿ. ನಂಗೆ ಹೇಳ್ಕೊಡೋಕೆ ಬರ್ಬೇಡ.

ಜ್ವರಾನಾ? ಈ ಮನೇಲಿ ಜ್ವರ ಅಂದ್ರೆ ಹುಳ ಪೊರೆ ಬಿಡೋಕೆ ಮಲಗೋದು. ನಾನು ಮಲಗಿದ್ದು ಯಾರೂ ನೋಡಿಲ್ಲ... ಮಳೆಗಾಲದಲ್ಲಿ ಒಸಿ ಮೈಮೇಲೆ ಗಂದೆ ಎದ್ದಿತ್ತು, ಕಣ್ಣು ಕೆಂಪಾಗಿತ್ತು. ಸೊಪ್ಪು ತಾಕಿ ಕಡೀತದೆ ಅನ್ಕೊಂಡೆ. ತಾನೇ ಹೋಯ್ತು. ಪಕ್ಕದ್ಮನೆ ದೊಡ್ಡಲಕ್ಷ್ಮಮ್ಮನ್ನೂ ಕರೀಲಿಲ್ಲ.

ಝೀಕಾ ಅಂದ್ರೆ ಅಷ್ಟೇನಾ? ಕೆಲವ್ರಿಗೆ ಗಂದೇನೂ ಏಳಲ್ವಾ? ಬಂದಿದ್ದು ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ, ರಕ್ತದಲ್ಲಿ ಮಾತ್ರ ಗುರುತು ಉಳೀತದೆ... ಅದಕ್ಕೇನಾ ಗಟ್ಟಿಮುಟ್ಟಾಗಿರೋರ ರಕ್ತಾನೂ ತಗೊಂಡಿದ್ದು.

ಟಾರ್ಚ್ ಯಾಕೆ ಬಿಡ್ತೀಯ ಅಲ್ಲಿಗೆ? ಹುಳದ ತಟ್ಟೆಗೆ ಇರುವೆ ಹತ್ತದಿರ್ಲಿ ಅಂತ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟಿದ್ದೀನಿ. ಎಲ್ರ ಮನೇಲೂ ಇಡ್ತಾರೆ. ಕುಣೀತಾ ಅವೆ, ನೋಡ್ದೆ. ಸೊಳ್ಳೆ ಮರಿ. ಸೊಳ್ಳೆ ಬತ್ತಿ ಹಚ್ಚೋಣ ಅಂದ್ರೆ ಹೊಗೆಗೆ ಹುಳ ಸತ್ತೋಯ್ತವೆ. ಔಷಧಿ ಹೊಡೆಯೋರ್ನ ಗೇಟಿಂದ ಒಳಕ್ಕೇ ಬಿಡಲ್ಲ. ಅನುಗೆ ಪರದೆ ಕಟ್ತೀನಿ... ಹಗಲೊತ್ತು ಕಚ್ಚೋ ಸೊಳ್ಳೇನಾ ಇದು?

ಆಯ್ತು. ರಕ್ತ ನಂದೇ. ಆದ್ರೆ ಕಚ್ಚಿದ ಸೊಳ್ಳೆ ಈ ಊರಿಂದಲ್ಲ. ಗಂದೆ ಏಳೋ ಮುಂಚೆ ನಾನು ಮೈಸೂರಲ್ಲಿದ್ದೆ. ಹಾಜಿರಾ ಅಂತ, ರಾಮನಗರದಲ್ಲಿ ನಂಜೊತೆ ನೂಲು ತೆಗೀತಿದ್ಳು. ಮದುವೆಯಾಗಿ ಮೈಸೂರಿಗೋದ್ಳು. ಬಾ ಬಾ ಅಂತ ಪ್ರಾಣ ತಿಂತಿದ್ಳು. ಹೋಗಿ ಒಂದಷ್ಟು ದಿನ ಇದ್ದು ಬಂದೆ. ಮನೆ ಹಿಂದೇನೇ ಮೋರಿ, ಕೂತ್ರೆ ನಿಂತ್ರೆ ಸೊಳ್ಳೆ. ಅಲ್ಲೇ ಕಚ್ಚಿರೋದು. ಹಂಗೇ ಬರ್ಕೋ. ಆಗ ಈ ಊರು ಚೊಕ್ಕ, ಅನು ಬರ್ಬೋದು. ಅಲ್ವಾ?

ಬರ್ಕೋ ಅಂದ್ನಲ್ಲ. ಯಾಕೆ ಪೆನ್ನು ಮುಚ್ಚಿದೆ?

ಹುಳದ ಮನೆ ಕಡೆ ಏನು ನೋಡ್ತೀಯ... ಸೊಪ್ಪು ಹಾಕೋಕೆ ಎದುರ್ಮನೆ ಬೀರೇಶ್‌ಗೆ ಹೇಳಿ ಹೋಗಿದ್ದೆ. ಬೀರೇಶ ಅಲ್ಲ, ಅವ್ನು ಕುರಿ ಹಿಂದೆ ಹೋಗಿದ್ದ. ದೊಡ್ಡಲಕ್ಷ್ಮಮ್ಮಂಗೆ... ಅವಳು...

ನಿಮ್ಮನೇಲೂ ಹುಳ ಸಾಕ್ತಾರಾ? ಅದನ್ನ ಮೊದ್ಲೇ ಹೇಳ್ಬಾರ್ದಾ.

ಹಂಗ್ ನೋಡ್ಬೇಡ.

ಹೌದು. ಹುಳ ಬಿಟ್ಟು ಯಾರು ಊರಿಗೋಯ್ತಾರೆ. ಬೇರೆಯವ್ರನ್ನ ಯಾರು ಹುಳದ ಮನೆಗೆ ಬಿಡ್ತಾರೆ. ಮನೆ ತುಂಬ ಜನ ಇದ್ರೆ ಒಬ್ರು ಸೊಪ್ಪು ಹಾಕ್ತಾರೆ, ಒಬ್ರು ನಂಟರ ಮನೆಗೋಗಿ ಬತ್ತಾರೆ. ಇಲ್ಲಿ ನಾನೊಬ್ಳೇ. ಮೈಸೂರು ಬಸ್ಸು ಯಾವ ಕಡೆ ನಿಲ್ತದೆ ಅನ್ನೋದೂ ನಂಗೊತ್ತಿಲ್ಲ ಕಣವ್ವ. ಹಾಜಿರಾ ಕರೆದಿದ್ದು ಸುಳ್ಳಲ್ಲ. ಪ್ರತಿ ಸಲಾನೂ ಈ ಬೆಳೆ ಆಗ್ಲಿ, ಗೂಡು ಬಿಡಿಸ್ಕೊಂಡು ಬತ್ತೀನಿ ಅಂತಿದ್ದೆ. ಆಮೇಲೆ ಅವಳೂ ಕರಿಯೋದು ಬಿಟ್ಳು.

ಇಲ್ಲೇ ಕಚ್ಚಿರೋದು. ಈ ಮನೇಲೇ. ಹಂಗಂತ ಬರ್ಕೋ.

ಬೇಡ, ಅನುಗೆ ನೀನು ಹೇಳ್ಬೇಡ, ಅವಳು ಗಾಬರಿ ಬೀಳ್ತಾಳೆ. ನಾನೇ ಮಾಡ್ತೀನಿ ಫೋನು... ರಿಂಗಾಯ್ತಾ ಐತೆ.

ಹಲೋ, ಅನೂ? ಊಟ ಆಯ್ತಾ ಮಗ? ಅಯ್ಯೋ, ಆಗ್ಲೇ ಬಟ್ಟೆ ಜೋಡಿಸ್ಕೊಂಡ್ಬುಟ್ಯಾ...

ಒಂದ್ನಿಮಿಷ ಇರು ಮಗ, ಸಿಸ್ಟರ್ ಬಂದವ್ರೆ.

ಭಾನುಪ್ರಿಯ, ಎದ್ದೋಗ್ಬೇಡ ಕಣವ್ವ. ಇವಳಿಗೆ ಬರ್ಬೇಡ ಅಂತ ಹೇಳಿ ಮುಗಿಸೋಗಂಟ ಒಸಿ ಇಲ್ಲೇ ಕೂತಿರು.